ಕರದಂಟು, ಕೊಬ್ಬು ಮತ್ತು ದಾವಲಸಾಬರ ಅರ್ಧ ವಾಕ್ಯ

ಅಮೀನಗಡದ ದಾವಲಸಾಬರ ಉಸಿರು ಕಟ್ಟಿಸಿದ್ದು ಅವರ ರಕ್ತದಲ್ಲಿದ್ದ ಕೊಬ್ಬಲ್ಲ; ನುಣುಪು ಕಾಗದದ ಮೇಲೆ ನಾಲ್ಕು ಬಣ್ಣಗಳಲ್ಲಿ ಅಚ್ಚಾದ ಒಂದು ಕರಪತ್ರ. ಅದರಲ್ಲಿದ್ದದ್ದು ಸಾಬೀತಾಗದ ಮಾತೆಂದು ಬರೆಸಿದವರಿಗೆ ಗೊತ್ತಿತ್ತು, ಏಕೆಂದರೆ ಹಾಗೆಂದು ಅವರಿಗೆ ಹೇಳಿದವಳು ನಾನೇ. ಗೊತ್ತಿದ್ದೂ ಹಂಚಿದರು. ಹಂಚಿದ್ದು ಸಾಲದೆಂದು ಸನ್ಮಾನವನ್ನೂ ಏರ್ಪಡಿಸಿದರು. ಅವರೆಲ್ಲ ಇಂದಿಗೂ ವಿದ್ಯಾಗಿರಿಯ ಕಚೇರಿಯಲ್ಲಿ ತಿರುಗುವ ಕುರ್ಚಿಗಳ ಮೇಲೆ ಕ್ಷೇಮವಾಗಿ ತಿರುಗುತ್ತಿದ್ದಾರೆ. ನಾನೊಬ್ಬಳು ನಿವೃತ್ತಳಾಗಿದ್ದೇನೆ.

ನಿವೃತ್ತಿ ಎಂದೊಡನೆ ಬಿಳಿಗೂದಲು, ಶಾಲು, ಗೋಡೆ ಗಡಿಯಾರದ ಉಡುಗೊರೆ ಇತ್ಯಾದಿಗಳನ್ನು ಕಲ್ಪಿಸಿಕೊಳ್ಳಬೇಡಿ. ನನಗಿನ್ನೂ ಮೂವತ್ತೊಂದು. ಕಾಯಂ ನೌಕರರ ನಿವೃತ್ತಿಯನ್ನು ಅವರ ಜನ್ಮದಿನಾಂಕ ನಿರ್ಧರಿಸುತ್ತದೆ. ಒಪ್ಪಂದದ ನೌಕರರದನ್ನು ಅವರ ನಾಲಿಗೆ. ಆದ್ದರಿಂದ ನನ್ನ ವೃತ್ತಿಜೀವನ ಚಿಕ್ಕದು. ಆದರೂ ಹಿರಿಯರು ತಮ್ಮ ಅನುಭವಗಳನ್ನು ಬರೆದಿಡುವಂತೆ ನಾನೂ ಬರೆದಿಡುತ್ತಿದ್ದೇನೆ. ಇದೇ ಕೆಲಸಕ್ಕೆ ಹೊಸದಾಗಿ ಬರುವ ತಮ್ಮ-ತಂಗಿಯರು ಓದಲಿ. ಬಡ್ತಿಯ ಅಧ್ಯಾಯವಿಲ್ಲವೆಂದು ಬೇಸರಿಸದಿರಲಿ.

ಕೆಲಸವೇನೆಂದರೆ, ಬಾಗಲಕೋಟೆಯ ವಿದ್ಯಾಗಿರಿ ಬಡಾವಣೆಯಲ್ಲಿದ್ದ ಒಂದು ಖಾಸಗಿ ಆರೋಗ್ಯ ಸಂಸ್ಥೆಯ ಬಿಳಿ ವ್ಯಾನಿನಲ್ಲಿ ಕುಳಿತು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸುತ್ತ ಶಿಬಿರಗಳಿಗೆ ಹೋಗುವುದು. ಅಲ್ಲಿ ಜನರ ರಕ್ತ ತೆಗೆಯುವುದು, ಉಸಿರಿನ ರಭಸ ಅಳೆಯುವುದು. ವಿಶ್ವವಿದ್ಯಾಲಯದಲ್ಲಿ ನನಗೆ ಜೀವರಸಾಯನಶಾಸ್ತ್ರ ಕಲಿಸಿದರು, ಜನರನ್ನು ಕಲಿಸಲಿಲ್ಲ. ಆ ಪಾಠ ಮೊದಲ ವಾರವೇ ಪಟ್ಟದಕಲ್ಲಿನಲ್ಲಿ ಆಯಿತು.

ಉಸಿರಿನ ರಭಸ ಅಳೆಯುವ ಸಾಧನವೊಂದಿದೆ. ಅಂಗೈ ಉದ್ದದ ಪ್ಲಾಸ್ಟಿಕ್ ಕೊಳವೆ. ಬಲವಾಗಿ ಊದಿದರೆ ಮುಳ್ಳು ಮುಂದೆ ಸರಿಯುತ್ತದೆ. ಬಸ್ಸು ನಿಲ್ಲುವಲ್ಲಿ ಎಳನೀರು ಮಾರುತ್ತಿದ್ದ ಒಬ್ಬರ ಮುಂದೆ ಅದನ್ನು ಹಿಡಿದೆ.

"ಯಾಕ ಊದ್ಲಿ? ನಾ ಗಾಡಿ ಹೊಡ್ಯಾಂವಲ್ಲ," ಎಂದರು ಅವರು.

"ಕುಡದಿದ್ದು ನೋಡಾಕ ಅಲ್ರಿ. ಉಸರಿನ ಜೋರು ನೋಡಾಕ."

"ಎಲ್ಲಾರೂ ಮದ್ಲ ಹಂಗ ಅಂತಾರ್ರಿ ಬಾಯಾರ. ಊದಿದ ಮ್ಯಾಲೆ ದಂಡದ ಪಾವತಿ ಹರೀತಾರ."

ನಮ್ಮ ವ್ಯಾನಿನ ಚಾಲಕ ಮಾರುತಿ ಇಳಿದು ಬಂದು, ಕೊಳವೆ ಕಸಿದುಕೊಂಡು, ಹೊಸ ಬಾಯಿತುಂಡು ಹಾಕಿಸಿ, ಕೆನ್ನೆ ಉಬ್ಬಿಸಿ ಊದಿದ. ಮುಳ್ಳು ಕೊನೆ ಮುಟ್ಟಿತು. "ಗಾಡಿ ಹೊಡ್ಯಾಂವ ನಾ ಊದೇನಿ, ಯಾರ ಬಂದು ಹಿಡದ್ರು ನನ್ನ? ಊದೋ ಮಾರಾಯಾ," ಎಂದ. ಅಷ್ಟೇ ಸಾಕಾಯಿತು. ಅರ್ಧ ಗಂಟೆಯಲ್ಲಿ ಅಲ್ಲಿನ ಅಂಗಡಿಕಾರರೆಲ್ಲ ಸಾಲುಗಟ್ಟಿ, ಯಾರ ಮುಳ್ಳು ಎಲ್ಲಿಗೆ ಹೋಯಿತೆಂದು ಕೂಗಾಡುತ್ತ ಊದಿದರು. ಉಬ್ಬಸವಿದ್ದ ಇಬ್ಬರು ಸಿಕ್ಕಿದ್ದು ಆ ಸ್ಪರ್ಧೆಯಲ್ಲಿ ಸೋತವರ ನಡುವೆಯೇ. ಭಾಷಣದಿಂದ ಬಾರದ ಜನ ಪಂದ್ಯಕ್ಕೆ ಬರುತ್ತಾರೆ: ಇದು ಪಠ್ಯದಲ್ಲಿಲ್ಲ, ಬರೆದುಕೊಳ್ಳಿ.

ಇಳಕಲ್ಲಿನಲ್ಲಿ ಬೇರೆ ಪಾಠ. ಕೈಮಗ್ಗದ ಮುಂದೆ ಕುಳಿತ ನೀಲವ್ವ ಎಂಬ ಹೆಂಗಸು ಕೆಮ್ಮುತ್ತಲೇ ಕೈಚಾಚಿದರು, ಆದರೆ ಎಡಗೈ ಮಾತ್ರ. "ಬಲಗೈ ಲಾಳಿಗೆ ಬೇಕು. ಅದರಾಗಿನ ರಗತ ನಿಮಗ ಕೊಟ್ರ ಸೆರಗು ಯಾರು ನೇಯ್ತಾರ?" ಎರಡೂ ಕೈಯಲ್ಲಿ ಹರಿಯುವುದು ಒಂದೇ ರಕ್ತವೆಂದು ವಿವರಿಸಲು ಹೊರಟೆ. "ಅದು ನನಗೂ ಗೊತ್ತೈತಿ. ನೋವು ಎರಡರಾಗೂ ಒಂದ ಅಲ್ಲ," ಎಂದರು. ಎಡಗೈಯಿಂದಲೇ ತೆಗೆದೆ. ಈ ನೀಲವ್ವನ ಕೆಮ್ಮು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಈಗ ಮೇಲಧಿಕಾರಿಗಳ ವಿಷಯ. ಸಂಸ್ಥೆಯ ನಿರ್ದೇಶಕರನ್ನು ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಓದಿನಿಂದ ವೈದ್ಯರು; ಆದರೆ ಸ್ಟೆತಸ್ಕೋಪಿಗಿಂತ ಮೈಕು ಹಿಡಿದ ಕಾಲವೇ ಹೆಚ್ಚು. ನಮ್ಮೊಡನೆ "ಏನ್ರಿ, ಹೆಂಗ ನಡದೈತಿ" ಎನ್ನುವವರು ಮೈಕು ಕಂಡೊಡನೆ "ಆತ್ಮೀಯ ಬಂಧುಗಳೇ, ತಾವೆಲ್ಲರೂ ಆಗಮಿಸಿರುವುದು ನಮಗೆ ಸಂತಸ ತಂದಿದೆ" ಎಂದು ಬೇರೆಯೇ ಕನ್ನಡಕ್ಕೆ ಹಾರುತ್ತಿದ್ದರು. ಒಂದು ದಿನ ಅವರು ಎಲ್ಲಿಯೋ ಒಂದು ತಲೆಬರಹ ಓದಿ ಬಂದರು: ರಕ್ತದ ಕೊಲೆಸ್ಟ್ರಾಲಿಗೂ ಅಸ್ತಮಾಕ್ಕೂ ನಂಟಿರಬಹುದು. ಓದಿದ್ದು ತಲೆಬರಹ, ಬಿಟ್ಟದ್ದು ಅದರ ಬಾಲದಲ್ಲಿದ್ದ "ಇರಬಹುದು".

ನಿಜ ಸ್ಥಿತಿ ಇಷ್ಟು. ಆ ನಂಟನ್ನು ಲೋಕದಲ್ಲಿ ಹಲವರು ಹುಡುಕಿದ್ದಾರೆ. ಕೆಲವರಿಗೆ ಕಂಡಿದೆ, ಕೆಲವರಿಗೆ ಕಂಡಿಲ್ಲ, ಕೆಲವರಿಗೆ ತಿರುವುಮುರುವಾಗಿ ಕಂಡಿದೆ. ಕಂಡಲ್ಲಿಯೂ ಯಾವುದು ಮುಂದೆ, ಯಾವುದು ಹಿಂದೆ ಎಂದು ಹೇಳುವುದು ಕಷ್ಟ. ಉಬ್ಬಸವಿರುವವನು ಓಡಾಡುವುದು ಕಡಿಮೆ, ಆದ್ದರಿಂದ ಮೈ ಬರಬಹುದು. ಪದೇಪದೇ ಸ್ಟಿರಾಯ್ಡ್ ಮಾತ್ರೆ ನುಂಗಿದವನ ಕೊಬ್ಬು ಆ ಮಾತ್ರೆಯಿಂದಲೇ ಏರಬಹುದು. ದಪ್ಪ ಮೈಯೊಂದೇ ಎರಡಕ್ಕೂ ಕಾರಣವಾಗಬಹುದು. ಹುನಗುಂದದ ನಿಲ್ದಾಣದಲ್ಲಿ ಇಬ್ಬರು ಒಟ್ಟಿಗೆ ಇಳಿದರೆಂದು ಅವರನ್ನು ಗಂಡ ಹೆಂಡತಿ ಎನ್ನಲಾಗದು. ಒಂದೇ ಬಸ್ಸಿಗೆ ಬಂದವರಿರಬಹುದು. ಸಾಹೇಬರಿಗೆ ಇದನ್ನೇ ಹೇಳಿದೆ.

"ಭಾಳ ಓದೀರಿ ನೀವು," ಎಂದರು. ಅದು ಹೊಗಳಿಕೆಯಲ್ಲವೆಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಶಿಬಿರಕ್ಕೆ ಅಮೀನಗಡವನ್ನು ಆರಿಸಿದರು. ಉಬ್ಬಸವಿರುವವರನ್ನೆಲ್ಲ ಬೆಳಿಗ್ಗೆ ಹಸಿದ ಹೊಟ್ಟೆಯಲ್ಲಿ ಕರೆದು ಅವರ ರಕ್ತದ ಕೊಬ್ಬು ಅಳೆಯುವುದು ಯೋಜನೆ. ಜಾಗ ಕೊಟ್ಟವರು ಗುರಪ್ಪ ಸಾಹುಕಾರರು. ಹೆದ್ದಾರಿಯ ಪಕ್ಕದಲ್ಲಿ, ತುಪ್ಪ ಜಿನುಗುವ ಕರದಂಟಿನ ಮಿಠಾಯಿ ಮಾರುವ ಅವರ ಅಂಗಡಿಯ ಮೇಲ್ಮಾಳಿಗೆ. ಕೊಬ್ಬಿನ ಪರೀಕ್ಷೆಗೆ ಕರದಂಟಿನ ಅಂಗಡಿ! ಬೆಕ್ಕಿನ ಉಪವಾಸವನ್ನು ಹಾಲಿನ ಡೇರಿಯಲ್ಲಿ ಏರ್ಪಡಿಸಿದ ಹಾಗೆ.

ನಾನು ಮೇಲೆ ಸೂಜಿ, ನಳಿಕೆ ಜೋಡಿಸುತ್ತಿದ್ದೆ. ಕೆಳಗಿನಿಂದ ಮೆಟ್ಟಿಲೇರಿ ಬರುವವರೆಲ್ಲ ಬಾಯಿ ಒರೆಸಿಕೊಳ್ಳುತ್ತ ಬರುತ್ತಿರುವುದು ಸ್ವಲ್ಪ ತಡವಾಗಿ ಕಣ್ಣಿಗೆ ಬಿತ್ತು. ಕೆಳಗಿಳಿದು ನೋಡಿದರೆ ಸಾಹುಕಾರರು ದೊಡ್ಡ ತಾಟು ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ. ಬಂದವರ ಅಂಗೈಗೆ ಒಂದೊಂದು ತುಂಡು.

"ಸಾಹುಕಾರ್ರ! ಇವರೆಲ್ಲಾ ಏನೂ ತಿನ್ನದ ಬರಬೇಕಾಗಿತ್ತು!"

"ಏನೂ ತಿಂದಿಲ್ರಿ ಬಾಯಾರ. ಬರೇ ಕರದಂಟು."

"ಅದು ತಿನ್ನೂದಲ್ಲೇನ್ರಿ?"

"ಅಲ್ಲ, ಅದರಾಗ ಕಾಳು ಎಲ್ಲೈತಿ, ಹಿಟ್ಟು ಎಲ್ಲೈತಿ? ಅಂಟು, ಉತ್ತತ್ತಿ, ಕೊಬ್ಬರಿ, ಬೆಲ್ಲ, ತುಪ್ಪ. ಏಕಾದಶಿಗೆ ನಡೀತೈತಿ, ಸೋಮಾರಕ್ಕ ನಡೀತೈತಿ. ದೇವರಿಗೆ ನಡ್ಯೂದು ನಿಮ್ಮ ಮಶೀನಿಗೆ ನಡ್ಯಾಂಗಿಲ್ಲೇನು?"

"ನಡ್ಯಾಂಗಿಲ್ರಿ."

"ನಡೀಲಿಕ್ಕಂದ್ರ ಮಶೀನ ಬದಲ ಮಾಡ್ರಿ. ನನ್ನ ಬಾಗಲಕ್ಕ ಬಂದವರನ್ನ ಹಸಗೊಂಡು ಕುಂಡ್ರಿಸಿ ನಾ ಊರಾಗ ಹೆಂಗ ಮಾರಿ ತೋರಿಸ್ಲಿ?"

ಸಾಲಿನಲ್ಲಿದ್ದವರೆಲ್ಲ ಅವರ ಪರ. ಉಪವಾಸವೆಂದರೆ ರೊಟ್ಟಿ ಅನ್ನ ಬಿಟ್ಟು ಫಲಾಹಾರ ಮಾಡುವುದು ಎಂಬುದು ಅವರ ಮನೆಗಳ ಪದ್ಧತಿ. ಅದನ್ನು ಅವರು ಶ್ರದ್ಧೆಯಿಂದ ಪಾಲಿಸಿದ್ದರು. ತಪ್ಪು ಅವರದಲ್ಲ. ಕರೆಯ ಹಾಳೆ ಬರೆದ ನಮ್ಮ ಕಚೇರಿಯಲ್ಲಿ ಯಾರೂ ಆ ಮನೆಗಳಲ್ಲಿ ಉಂಡವರಂತೆ, ಉಪವಾಸ ಮಾಡಿದವರಂತೆ ಯೋಚಿಸಲಿಲ್ಲ.

ನಿಜವಾಗಿ ಹಸಿದು ಬಂದವರು ಒಬ್ಬರೇ, ದಾವಲಸಾಬರು. ಅದೇ ಅಂಗಡಿಯ ಹಿಂದಿನ ಭಟ್ಟಿಯಲ್ಲಿ ತುಪ್ಪದೊಳಗೆ ತಿನ್ನುವ ಅಂಟನ್ನು ಹುರಿದು ಅರಳಿಸುವ ಕೆಲಸ ಅವರದು. ಐವತ್ತು ದಾಟಿದ ವಯಸ್ಸು, ತೆಳ್ಳಗಿನ ಮೈ, ಬಹಳ ವರ್ಷದ ಉಬ್ಬಸ, ಊರವರ ಬಾಯಲ್ಲಿ ದಮ್ಮು. ಹುನಗುಂದದ ದವಾಖಾನೆಯಲ್ಲಿ ಕೊಟ್ಟಿದ್ದ, ದಿನವೂ ಬಾಯಿಂದ ಎಳೆದುಕೊಳ್ಳುವ ಇನ್‌ಹೇಲರ್ ಪಂಪಿನಿಂದ ಅದು ಹತೋಟಿಯಲ್ಲಿತ್ತು. ಜೊತೆಗೆ ಅವರ ಹೆಂಡತಿ ಬೀಬಿಜಾನ್.

"ನಾ ರೋಜಾ ಹಿಡದಾಂಗ ಬಂದೇನ್ರಿ," ಎಂದರು ದಾವಲಸಾಬರು. "ನೀರೂ ಇಲ್ಲ."

"ನೀರು ಕುಡೀಬಹುದಿತ್ತಲ್ರೀ!"

"ಇವರು ಹಂಗ ನೋಡ್ರಿ," ಎಂದರು ಬೀಬಿಜಾನ್. "ಯಾರರೆ ಒಂದು ಅಂದ್ರ ಇವರು ಒಂದೂವರಿ ಕೇಳ್ತಾರ."

ನೀರಿಲ್ಲದೆ ಅವರ ರಕ್ತನಾಳಗಳು ಅಡಗಿ ಕುಳಿತಿದ್ದವು. ಎರಡು ಲೋಟ ಕುಡಿಸಿ, ಕೂರಿಸಿ, ಆಮೇಲೆ ತೆಗೆದೆ. ಬೀಬಿಜಾನ್ ಆಡಿದ ಆ ತಮಾಷೆಯ ಮಾತು ಎಷ್ಟು ದುಬಾರಿಯ ಸತ್ಯವೆಂದು ಆಗ ನಮಗಾರಿಗೂ ತಿಳಿದಿರಲಿಲ್ಲ.

ಸಂಜೆ ವಿದ್ಯಾಗಿರಿಯ ಪ್ರಯೋಗಾಲಯದಲ್ಲಿ ರಕ್ತದ ನಳಿಕೆಗಳನ್ನು ಯಂತ್ರಕ್ಕೆ ಹಾಕಿ ಗಿರ್ರನೆ ತಿರುಗಿಸಿ ನಿಲ್ಲಿಸಿದೆ. ಮೇಲೆ ತಿಳಿ ಹೊನ್ನಿನ ಬಣ್ಣದ ದ್ರವ ನಿಲ್ಲಬೇಕು. ಅಮೀನಗಡದ ನಳಿಕೆಗಳಲ್ಲಿ ಮಜ್ಜಿಗೆ ನಿಂತಿತ್ತು. ತುಪ್ಪ ತಿಂದು ಬಂದ ರಕ್ತ ಹಾಗೆಯೇ. ಒಂದು ಊಟದಿಂದ ಕೊಲೆಸ್ಟ್ರಾಲ್ ಅಷ್ಟಾಗಿ ಏರದಿದ್ದರೂ ಅದರ ಸಂಗಾತಿಯಾದ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಕುಣಿದು ಮೇಲೇಳುತ್ತದೆ. ತಿಳಿಯಾಗಿದ್ದದ್ದು ದಾವಲಸಾಬರ ನಳಿಕೆಯೊಂದೇ. ಅವರ ಕೊಲೆಸ್ಟ್ರಾಲ್ ಮಾತ್ರ ಸ್ವಲ್ಪ ಹೆಚ್ಚಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಸಾಹೇಬರು ಬಂದು ಮಜ್ಜಿಗೆಯ ಸಾಲು ನೋಡಿ ಕಣ್ಣರಳಿಸಿದರು. "ನೋಡ್ರಿ! ಎಲ್ಲಾ ದಮ್ಮಿನವರ ರಗತದಾಗೂ ಕೊಬ್ಬು!"

"ಸರ್, ಅದು ಕರದಂಟು."

"ಇಷ್ಟು ಮಂದಿಗೆ?"

"ಇಷ್ಟೂ ಮಂದಿಗೆ. ದಮ್ಮಿಲ್ಲದವರದೂ ಒಂದು ನೋಡಿ, ಸರ್." ಇನ್ನೊಂದು ನಳಿಕೆ ಎತ್ತಿ ಹಿಡಿದೆ. ಅದರಲ್ಲಿದ್ದದ್ದು ಮಜ್ಜಿಗೆಯಲ್ಲ, ಗಟ್ಟಿ ಕೆನೆ. "ಇದು ನಮ್ಮ ಮಾರುತಿಯದು, ಅಲ್ಲೇ ಇವನದೂ ತೆಗೆದಿದ್ದೆ. ಇವನ ಉಸಿರಿಗೆ ಪಟ್ಟದಕಲ್ಲಿನಲ್ಲಿ ಮುಳ್ಳು ಕೊನೆ ಮುಟ್ಟಿದೆ."

ಬಾಗಿಲಲ್ಲಿದ್ದ ಮಾರುತಿ ನಾಚಿಕೊಂಡ. "ಸಾಹುಕಾರ್ರು ಭಾಳ ಒತ್ತಾಯ ಮಾಡಿದ್ರಿ ಸರ್. ನಾಲ್ಕು ತುಂಡು ತಿಂದೆ. ಐದನೇದ್ದು ಕಿಸೆದಾಗ ಐತಿ."

ಉಬ್ಬಸವಿರುವವರಲ್ಲಿ ಕೊಬ್ಬು ಹೆಚ್ಚು ಎನ್ನಬೇಕಾದರೆ ಇಲ್ಲದವರಲ್ಲಿ ಎಷ್ಟೆಂದು ನೋಡಬೇಕು, ಇಬ್ಬರನ್ನೂ ಒಂದೇ ರೀತಿ ಹಸಿದಿರಿಸಿ ನೋಡಬೇಕು, ಮೈತೂಕ, ಮಾತ್ರೆ, ಕೆಲಸದ ಜಾಗ ಎಲ್ಲ ಕೇಳಬೇಕು. ಶಿಬಿರವನ್ನು ಮತ್ತೆ ಮಾಡೋಣವೆಂದು ನಾನು ಲಿಖಿತವಾಗಿಯೇ ಕೋರಿದೆ. ಉತ್ತರವಾಗಿ ಬಂದದ್ದು ಕರಪತ್ರ.

"ಕೊಬ್ಬು ಕರಗಿಸಿ, ದಮ್ಮು ಓಡಿಸಿ" ಎಂದು ಅದರ ಹಣೆಬರಹ. ಒಳಗೆ: ಅಸ್ತಮಾದ ಮೂಲ ರಕ್ತದ ಕೊಬ್ಬು, ಎಣ್ಣೆ ತುಪ್ಪ ಬಿಟ್ಟರೆ ಉಸಿರು ತಾನೇ ತೆರೆಯುತ್ತದೆ, ಪಂಪಿಗೆ ದಾಸರಾಗಬೇಡಿ. ಈ ಕೊನೆಯ ಮಾತು ಎಲ್ಲಿಂದ ಬಂತೆಂದು ಕೇಳಿದೆ. "ಪ್ರಾಸಕ್ಕೆ" ಎಂದಿದ್ದರೂ ಕ್ಷಮಿಸುತ್ತಿದ್ದೆನೇನೋ. ಅದಕ್ಕೆ ಪ್ರಾಸವೂ ಇರಲಿಲ್ಲ. "ಜನಕ್ಕ ಹುರುಪು ಬರ್ಲಿ ಅಂತ ಹಾಕೇವಿ," ಎಂದರು ಸಾಹೇಬರು. ಬಾದಾಮಿಯಿಂದ ಇಳಕಲ್ಲಿನವರೆಗೆ ಬಸ್ ನಿಲ್ದಾಣ, ಚಹಾದಂಗಡಿ, ಕ್ಷೌರದಂಗಡಿಗಳ ಗೋಡೆಗಳಿಗೆ ಹುರುಪು ಅಂಟಿತು. ಇಳಕಲ್ಲಿನ ನೀಲವ್ವ ಒಗ್ಗರಣೆಗೆ ಎಣ್ಣೆ ಹಾಕುವುದನ್ನೇ ಬಿಟ್ಟರು. ಅವರ ಕೊಬ್ಬು ಮೊದಲೇ ಕಡಿಮೆಯಿತ್ತು. ಕೆಮ್ಮು ಬರುತ್ತಿದ್ದದ್ದು ನೂಲಿನ ಧೂಳಿಗೆ. ಧೂಳಿನ ಮಾತು ಕರಪತ್ರದಲ್ಲಿ ಇರಲಿಲ್ಲ. ಧೂಳಿಗೆ ಮಾಲೀಕರಿರುತ್ತಾರೆ, ಕೊಬ್ಬಿಗೆ ರೋಗಿಯೊಬ್ಬನೇ ಹೊಣೆ. ಯಾವುದನ್ನು ಬೈಯುವುದು ಸುಲಭವೆಂದು ಸಂಸ್ಥೆಗೆ ತಿಳಿದಿತ್ತು.

ಒಂದು ಅಂದರೆ ಒಂದೂವರೆ ಕೇಳುವ ದಾವಲಸಾಬರು ಕರಪತ್ರ ಓದಿದರು. ಎಣ್ಣೆ ಬಿಟ್ಟರು, ತುಪ್ಪ ಬಿಟ್ಟರು, ಮಾಂಸ, ಮೊಟ್ಟೆ, ಶೇಂಗಾ ಚಟ್ನಿ ಬಿಟ್ಟರು. ದಿನದ ಪಂಪನ್ನೂ ಬಿಟ್ಟರು. ಹೊಗೆಯಾಡುವ ಭಟ್ಟಿಯ ಮುಂದಿನ ಕೆಲಸವನ್ನು ಮಾತ್ರ ಬಿಡಲಿಲ್ಲ. ಅದನ್ನು ಬಿಡೆಂದು ಯಾರೂ ಅಚ್ಚು ಹಾಕಿರಲಿಲ್ಲ. ಕೆಲವು ತಿಂಗಳ ಮೇಲೆ ಮರುಪರೀಕ್ಷೆ ಮಾಡಿದಾಗ ಅವರ ಕೊಲೆಸ್ಟ್ರಾಲ್ ನಿಜಕ್ಕೂ ಇಳಿದಿತ್ತು. ಆ ದಿನ ನಾನು ಬಾದಾಮಿಯ ಶಿಬಿರದಲ್ಲಿದ್ದೆ. ವರದಿಯ ಅಂಕಿಯಷ್ಟೇ ನನ್ನ ಮುಂದೆ ಬಂತು, ಉಸಿರು ಬರಲಿಲ್ಲ. ಅಂದು ಅವರ ಉಸಿರನ್ನು ಯಾರೂ ಅಳೆದಿರಲೂ ಇಲ್ಲ. ಸಾಹೇಬರು ಕುಣಿದಾಡಿದರು. ವಿದ್ಯಾಗಿರಿಯ ಸಭಾಭವನದಲ್ಲಿ ವಿಜಯೋತ್ಸವ ನಿಗದಿಯಾಯಿತು.

ಬ್ಯಾನರು, ಹಾರ, ರಿಬ್ಬನ್ನು, ಬೆಳ್ಳಿ ತಟ್ಟೆಯಲ್ಲಿ ಕತ್ತರಿ. ದಾವಲಸಾಬರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ವೇದಿಕೆಯ ಮೆಟ್ಟಿಲು ಹತ್ತಿದರು. ಮೆಟ್ಟಿಲುಗಳು ಹೆಚ್ಚಿರಲಿಲ್ಲ, ಆದರೂ ಹತ್ತಿದ ಮೇಲೆ ಅವರ ಹೆಗಲು ಏರಿಳಿಯುವುದು ಕೆಳಗೆ ನಿಂತ ನನಗೆ ಕಂಡಿತು. ಬೀಬಿಜಾನರ ಕಡೆ ನೋಡಿದೆ.

"ದಿನಾ ರಾತ್ರಿ ಕುಂತ ಮಲಗ್ತಾರ್ರಿ," ಎಂದರು. "ಕೇಳಿದ್ರ, ಕೊಬ್ಬು ಹ್ವಾದ ಮ್ಯಾಲೆ ಹಿಂಗ ಆಗ್ತೈತಿ, ಸಾಹೇಬ್ರು ಹೇಳ್ಯಾರ ಅಂತಾರ."

ಸಾಹೇಬರು ಹಾರ ಹಾಕಿದರು. "ಬಂಧುಗಳೇ, ಪಂಪಿನ ಹಂಗಿಲ್ಲದೆ ಬದುಕುತ್ತಿರುವ ಈ ಧೀರರು ಈಗ ತಮ್ಮ ಅನುಭವ ಹಂಚಿಕೊಳ್ಳಲಿದ್ದಾರೆ." ಮೈಕು ಕೈಗೆ ಬಂತು. ದಾವಲಸಾಬರು ಅದನ್ನು ಎರಡೂ ಕೈಯಿಂದ ಹಿಡಿದರು.

"ಎಲ್ಲಾರಿಗೂ... ನಮಸ್ಕಾರ್ರಿ. ನನ್ನ ಕೊಬ್ಬು... ಇಳದೈತ್ರಿ. ಆದ್ರ..."

ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತಾಗ ಮೈಕಿನಲ್ಲಿ ಕೇಳಿಸಿದ್ದು ಮಾತಲ್ಲ, ಸೀಟಿ. ಧ್ವನಿವರ್ಧಕ ಕೆಟ್ಟಿತೆಂದು ಒಬ್ಬರು ತಂತಿ ಹಿಡಿದು ಓಡಿದರು. ಅದು ದಾವಲಸಾಬರ ಎದೆಯ ಸದ್ದು. ಇಡೀ ಸಭಾಭವನ ಅದನ್ನು ದೊಡ್ಡ ಪೆಟ್ಟಿಗೆಗಳಲ್ಲಿ ಕೇಳುತ್ತಿತ್ತು. ತುಟಿ ನೀಲಿಗಟ್ಟುತ್ತಿತ್ತು.

ನಾನು ವೇದಿಕೆ ಹತ್ತುವಷ್ಟರಲ್ಲಿ ಬೀಬಿಜಾನ್ ನನ್ನ ಮುಂದಿದ್ದರು. ತಮ್ಮ ಕೈಚೀಲದಿಂದ ತುರ್ತಿನ ನೀಲಿ ಪಂಪು ತೆಗೆದರು. ದಾವಲಸಾಬರಿಗೆ ಅದನ್ನು ಒಳಗೆಳೆಯುವ ಶಕ್ತಿಯೇ ಇರಲಿಲ್ಲ. ಅತಿಥಿಗಳ ನೀರಿನ ಬಾಟಲಿಯೊಂದನ್ನು ಬರಿದು ಮಾಡಿ, ರಿಬ್ಬನ್ ಕತ್ತರಿಸಿದ ಅದೇ ಕತ್ತರಿಯಿಂದ ತಳದಲ್ಲಿ ತೂತು ಕೊರೆದು, ಪಂಪನ್ನು ಅದಕ್ಕೆ ಸಿಕ್ಕಿಸಿ, ಬಾಟಲಿಯ ಬಾಯನ್ನು ಅವರ ಬಾಯಿಗೆ ಇಟ್ಟೆ. ಔಷಧಿಯ ಮಂಜು ಬಾಟಲಿಯಲ್ಲಿ ನಿಂತರೆ ಮೆಲ್ಲಗೆ ಉಸಿರಾಡಿದರೂ ಒಳಗೆ ಹೋಗುತ್ತದೆ. ಒತ್ತಿದೆ, ಉಸಿರಾಡಿಸಿದೆ, ಮತ್ತೆ ಒತ್ತಿದೆ. ಮಾರುತಿ ವ್ಯಾನನ್ನು ಮೆಟ್ಟಿಲ ಬುಡಕ್ಕೇ ತಂದ. ಹಾರ ಕೊರಳಲ್ಲಿದ್ದಂತೆಯೇ ಅವರನ್ನು ದವಾಖಾನೆಗೆ ಒಯ್ದೆವು. ಆಮ್ಲಜನಕ, ನೆಬ್ಯುಲೈಜರಿನ ಮಂಜಿನ ಔಷಧಿ, ಚುಚ್ಚುಮದ್ದು ಎಲ್ಲ ಆದವು. ಮರುದಿನ ಬೆಳಿಗ್ಗೆ ಅವರು ಕಣ್ತೆರೆದು ಮೊದಲು ಕೇಳಿದ್ದು, "ಭಾಷಣ ಅರ್ಧಾ ಆತಲ್ರಿ?"

"ಪಂಪು ನಿಮ್ಮ ಹತ್ರ ಹೆಂಗ ಉಳೀತು?" ಎಂದು ಬೀಬಿಜಾನರನ್ನು ಕೇಳಿದೆ.

"ನನಗ ಓದಾಕ ಬರೂದಿಲ್ರಿ. ಬಂದಿದ್ರ ಆ ಕಾಗದಾ ಓದಿ ನಾನೂ ಇದನ್ನ ಕಸಕ್ಕ ಒಗೀತಿದ್ನೋ ಏನೋ," ಎಂದು ನಕ್ಕರು. ನಗುವಿನ ಕೊನೆಯಲ್ಲಿ ಸೆರಗಿನಿಂದ ಕಣ್ಣೊತ್ತಿಕೊಂಡರು.

ಕೊಬ್ಬು ಆಜ್ಞೆ ಪಾಲಿಸಿತ್ತು. ಶ್ವಾಸಕೋಶಕ್ಕೆ ಯಾರೂ ತಿಳಿಸಿರಲಿಲ್ಲ. ಕೊಲೆಸ್ಟ್ರಾಲ್ ಇಳಿದದ್ದು ಅವರ ಹೃದಯಕ್ಕೆ ಒಳ್ಳೆಯದೇ ಇರಬಹುದು. ಅದು ಪಂಪಿನ ಕೆಲಸ ಮಾಡುವುದಿಲ್ಲ, ಅಷ್ಟೇ. ಈಗ ದಾವಲಸಾಬರು ಮತ್ತೆ ದಿನದ ಪಂಪು ಎಳೆಯುತ್ತಾರೆ. ಗುರಪ್ಪ ಸಾಹುಕಾರರು ಭಟ್ಟಿಗೆ ಹೊಗೆಕೊಳವೆ ಹಾಕಿಸಿ, ಅವರನ್ನು ಉತ್ತತ್ತಿ ಹೆಚ್ಚುವ ಕಡೆಗೆ ಕೂರಿಸಿದ್ದಾರೆ. "ಹೊಗಿ ಅಂತ ಮದ್ಲ ಹೇಳಬಾರದಾಗಿತ್ತೇನ್ರಿ ನೀವು? ಸುಮ್ಮನ ನನ್ನ ತುಪ್ಪಕ್ಕ ಕೆಟ್ಟ ಹೆಸರು ಇಟ್ರಿ," ಎಂದು ನನ್ನನ್ನೇ ಗದರಿದರು.

ಒಂದು ವಾರದ ನಂತರ ಸಂಸ್ಥೆ ಸಮಾರಂಭದ ದೃಶ್ಯವನ್ನು ಎಲ್ಲರ ಮೊಬೈಲಿಗೆ ಹರಿಬಿಟ್ಟಿತು. ಹಾರ, ಮೈಕು, ದಾವಲಸಾಬರು: "ನನ್ನ ಕೊಬ್ಬು ಇಳದೈತ್ರಿ." ಚಪ್ಪಾಳೆ. ಮುಗಿಯಿತು. "ಆದ್ರ" ಎಂಬ ಮಾತನ್ನು ಕತ್ತರಿಸಿದ್ದರು. ಪಾಪ, ಅಂದು ಕತ್ತರಿ ನನ್ನ ಕೈಯಲ್ಲಿದ್ದದ್ದರಿಂದ ಬೇರೆ ಕತ್ತರಿ ಹುಡುಕಬೇಕಾಯಿತೇನೋ. ನಾನು ಸಭೆಯಲ್ಲಿ ಎದ್ದುನಿಂತು ಆ "ಆದ್ರ" ಎಲ್ಲಿ ಎಂದು ಕೇಳಿದೆ. ನನ್ನ ಒಪ್ಪಂದ ಆ ತಿಂಗಳೇ ಮುಗಿಯಿತು. ಶಾಲು ಹೊದಿಸಲಿಲ್ಲ. ಮಾರುತಿಯೊಬ್ಬ ವ್ಯಾನಿನ ಮುಂದಿನ ಪೆಟ್ಟಿಗೆಯಿಂದ ಕರದಂಟಿನ ತುಂಡು ತೆಗೆದು ಅಂಗೈಗಿಟ್ಟ. "ಅವತ್ತಿಂದಲ್ರಿ, ಹೊಸಾದು," ಎಂದ.

ಹೊಸದಾಗಿ ಬರುವವರಿಗೆ ಇಷ್ಟು: ಯಂತ್ರ ಅಂಕಿ ಕೊಟ್ಟರೆ ಅದರ ಹಿಂದಿನ ತಾಟು ಯಾರ ಕೈಯಲ್ಲಿತ್ತೆಂದು ನೋಡಿ. ಇನ್ನು ಉಳಿದದ್ದು ನನ್ನ ಮಾಜಿ ಸಂಸ್ಥೆಯ ಆಡಳಿತ ಮಂಡಳಿಯೊಂದಿಗಿನ ಮಾತು.

ಮಾನ್ಯರೇ, "ಪಂಪಿಗೆ ದಾಸರಾಗಬೇಡಿ" ಎಂಬ ವಾಕ್ಯವನ್ನು ಯಾವ ಆಧಾರದ ಮೇಲೆ, ಯಾರ ಸಹಿಯೊಂದಿಗೆ ಅಚ್ಚಿಗೆ ಕಳುಹಿಸಲಾಯಿತು ಎಂಬುದಕ್ಕೆ ಲಿಖಿತ ಉತ್ತರ ನೀಡಬೇಕೆಂದು ಕೋರುತ್ತೇನೆ. ಆ ಕರಪತ್ರ ಇಂದಿಗೂ ಹುನಗುಂದದ ಗೋಡೆಗಳ ಮೇಲಿದೆ. ಅದನ್ನು ಕೀಳಿಸಿ, ಅದೇ ಗಾತ್ರದಲ್ಲಿ, ಅದೇ ನಾಲ್ಕು ಬಣ್ಣಗಳಲ್ಲಿ, ವೈದ್ಯರನ್ನು ಕೇಳದೆ ಪಂಪು ಬಿಡಬೇಡಿರೆಂಬ ತಿದ್ದುಪಡಿಯನ್ನು ಅಂಟಿಸಬೇಕು. ಅದನ್ನು ನಂಬಿ ಔಷಧಿ ಬಿಟ್ಟವರ ಮನೆಗಳಿಗೆ ಬಿಳಿ ವ್ಯಾನು ಹೋಗಬೇಕು. ದಾರಿ ಮಾರುತಿಗೆ ಗೊತ್ತಿದೆ. ಕೊನೆಯದಾಗಿ, ಅದೇ ಸಭಾಭವನದಲ್ಲಿ, ಅದೇ ಮೈಕನ್ನು ದಾವಲಸಾಬರ ಕೈಗೆ ಕೊಟ್ಟು, "ಆದ್ರ" ಎಂಬಲ್ಲಿಂದ ಮುಂದಕ್ಕೆ ಮಾತಾಡಲು ಅವರಿಗೆ ಅವಕಾಶ ಕಲ್ಪಿಸಬೇಕು. ವಾಕ್ಯವನ್ನು ಅವರು ಸಿದ್ಧ ಮಾಡಿಟ್ಟುಕೊಂಡಿದ್ದಾರೆ. ಈಗ ಅದನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲರು.